ಹೆಗ್ಗಣ ಕೂಡಿಟ್ಟ ಈಸಲು

“ಇರಲಿ.”

ಸಣ್ಣವ್ವ ಹೇಳಿದ ಕೊನೆಯ ಮಾತು ಇದು. ಸಣ್ಣವ್ವ ಅಂದರೆ ಹೆಗ್ಗಣ ಕೆಂಚಣ್ಣನ ಹೆಂಡತಿ. ಕೆರೆ ಏರಿಯ ಕೆಳಗೆ ಒಂದು ಬಯಲು. ಬಯಲಲ್ಲಿ ಒಂದು ಹೊಂಗೆ ಮರ. ಅದರ ಬುಡದಲ್ಲಿ ಅವರ ಬಿಲ.

ಅವತ್ತು ಕೆಂಚಣ್ಣ ಹೊಲದಿಂದ ಒಂದು ಅವರೆಕಾಳು ತಂದಿದ್ದ. ಒಳ್ಳೇ ಸೊಗಡಿನ ಕಾಳು. ಇಬ್ಬನಿಯಲ್ಲಿ ನೆಂದದ್ದು. “ತಿನ್ನು” ಅಂತ ಕಾಯಿಲೆ ಬಿದ್ದಿದ್ದ ಅವಳ ಮುಂದೆ ಇಟ್ಟ. ಸಣ್ಣವ್ವ ಮೂಸಿದಳು. ಮೂಗಿನಿಂದ ಅವನ ಕಡೆಗೆ ನೂಕಿದಳು. “ಇರಲಿ” ಅಂದಳು. ಅವತ್ತು ರಾತ್ರಿಯೇ ಕಣ್ಣು ಮುಚ್ಚಿದಳು.

ಮಕ್ಕಳೇ, ‘ಇರಲಿ’ ಅನ್ನುವುದು ಸಣ್ಣ ಮಾತು. ಆದರೆ ಅದಕ್ಕೆ ಒಂದೇ ಅರ್ಥ ಇಲ್ಲ. ಕೆಂಚಣ್ಣ ಒಂದು ಅರ್ಥ ಹಿಡಿದ. ಕೂಡಿಡು ಅಂದಳು ಅಂದುಕೊಂಡ. ಆ ಕಾಳನ್ನು ಎತ್ತಿ ಬಿಲದ ಮೂಲೆಯಲ್ಲಿ ಇಟ್ಟ.

ಅಂದಿನಿಂದ ಸಿಕ್ಕಿದ್ದೆಲ್ಲ ಮೂಲೆಗೆ ಹೋಯಿತು. ಅವರೆ, ಹುರುಳಿ, ಹೆಸರು, ರಾಗಿ ತೆನೆ. ಒಳ್ಳೆಯದೆಲ್ಲ ಇಡುವುದಕ್ಕೆ. ಬೇರು, ಸಿಪ್ಪೆ, ಒಣಹುಲ್ಲು ತಿನ್ನುವುದಕ್ಕೆ. ಮೂಲೆ ಉಬ್ಬಿತು. ಕೆಂಚಣ್ಣ ಬತ್ತಿದ.

ಆ ಬಯಲಿನಲ್ಲಿ ಕಾಳೇ ದುಡ್ಡು, ಕಾಳೇ ಊಟ. ಸಂಜೆ ಹೊತ್ತು ಗೊರವಂಕ ಹೊಂಗೆ ಕೊಂಬೆಯ ಮೇಲೆ ಕೂತು ಅಣಕ ಮಾಡುತ್ತಿತ್ತು. ಬೆಕ್ಕಿನ ಹಾಗೆ, ನಾಯಿಮರಿಯ ಹಾಗೆ, ಗಾಡಿ ಚಕ್ರದ ಹಾಗೆ. ನೋಡುವವರು ಒಂದು ಕಾಳು ಹಾಕಬೇಕು. ಎಲ್ಲರೂ ಹಾಕುತ್ತಿದ್ದರು. ನಗುತ್ತಿದ್ದರು. ಮನೆಗೆ ಹೋಗುತ್ತಿದ್ದರು.

ಮೇಲಿನ ಪೊಟರೆಯ ಅಳಿಲು ಗೀರಪ್ಪ ಬಿಲದೊಳಗೆ ತಲೆ ಹಾಕಿ ಕರೆಯುತ್ತಿದ್ದ.

“ಮಾವ, ಬಾ. ಗೂಬೆ ತನ್ನ ಹೆಂಡತಿ ಹತ್ತಿರ ಬೈಸಿಕೊಳ್ಳೋ ಆಟ ಇವತ್ತು.”

“ಕಾಳು ಕೊಡಬೇಕು.”

“ಒಂದೇ ಕಾಳು.”

“ನಗು ಹೊಟ್ಟೆಗೆ ಬೀಳುತ್ತಾ?”

“ನಿನ್ನ ಹೊಟ್ಟೆಗೆ ಕಾಳೂ ಬೀಳುತ್ತಿಲ್ಲವಲ್ಲ ಮಾವ. ಈಗ ನಿನ್ನ ಮೀಸೆಯೇ ನಿನಗಿಂತ ದಪ್ಪ.”

ಕೆಂಚಣ್ಣ ಒಳಗೆ ಹೋಗಿ ಮೂಲೆಯ ಮುಂದೆ ಕೂತ.

ಬೇಸಿಗೆ ಬಂತು. ಹುಲ್ಲು ಸುಟ್ಟಿತು. ಬೇರು ಕೂಡ ಒಣಗಿತು. ಒಂದು ದಿನ ಕೆಂಚಣ್ಣ ಬಿಲದ ಬಾಯಲ್ಲೇ ಬಿದ್ದ. ಏಳುವುದಕ್ಕೆ ಬಹಳ ಹೊತ್ತಾಯಿತು. ಗೀರಪ್ಪ ಮರದಿಂದ ಇಳಿದು ಬಂದ. ಅವತ್ತು ತಮಾಷೆ ಮಾಡಲಿಲ್ಲ.

“ಮಾವ, ಒಳಗೆ ಅಷ್ಟು ಇದೆ. ಒಂದು ಹಿಡಿ ತಿನ್ನು. ಹೀಗೇ ಇದ್ದರೆ ಉಳಿಯಲ್ಲ ನೀನು.”

“ಅವಳು ಇಡು ಅಂದಿದ್ದಾಳೆ.”

ಸತ್ತವರ ಮಾತು ತೆಗೆದುಹಾಕಬಾರದು ಅಂತ ಗೀರಪ್ಪ ಮರ ಹತ್ತಿದ.

ಆಮೇಲೆ ಮೊದಲ ಮಳೆ ಬಿತ್ತು. ಜೋರಾಗಿ ಬಿತ್ತು, ನಿಂತಿತು. ಸಂಜೆ ಬಿಸಿಲು ಬಂತು. ನೆಲದಿಂದ ಹಬೆ ಎದ್ದಿತು. ಹೊಂಗೆ ಮರದ ಪಕ್ಕ ಒಂದು ಹುತ್ತ ಇತ್ತು. ಅದರ ಮೈಯಲ್ಲಿ ಸಣ್ಣ ಸಣ್ಣ ಬಾಯಿ ತೆರೆದವು.

ಮೊದಲು ಒಂದು ಹುಳು ಹೊರಗೆ ಬಂತು. ನಿಂತಿತು. ರೆಕ್ಕೆ ಬಿಚ್ಚಿತು.

ಆಮೇಲೆ ಹುತ್ತವೇ ಹೊಗೆಯಾಡಿತು. ಹೊಗೆ ಅಲ್ಲ, ಹುಳು. ರೆಕ್ಕೆ ಬಂದ ಗೆದ್ದಲು. ಅದಕ್ಕೆ ಈಸಲು ಅಂತಾರೆ. ಬಿಸಿಲು ಓರೆಯಾಗಿ ಬಿದ್ದಿತ್ತು. ಒಂದೊಂದು ರೆಕ್ಕೆಯೂ ಹೊಳೆಯಿತು. ಸ್ವಲ್ಪ ಹೊತ್ತಿಗೆ ಮುಂಚೆ ಮೇಲಿನಿಂದ ನೀರು ಬಿದ್ದಿತ್ತು. ಈಗ ಕೆಳಗಿನಿಂದ ಬೆಳಕು ಏಳುತ್ತಿತ್ತು.

ಎಲ್ಲರೂ ಓಡಿ ಬಂದರು. ಓತಿಕ್ಯಾತ, ಕಾಗೆ, ಮುಂಗುಸಿ. ಇದಕ್ಕೆ ಕಾಳು ಕೊಡಬೇಕಾಗಿಲ್ಲ. ಬಾಯಿ ತೆರೆದರೆ ಸಾಕು. ಬೆಣ್ಣೆಯಂಥ ಹುಳು, ಹುರಿದ ಕಡಲೆಯ ರುಚಿ. ಗೀರಪ್ಪ ಹುಳು ತಿನ್ನುವವನಲ್ಲ. “ರುಚಿ ನೋಡೋಣ” ಅಂತ ಒಂದು ತಿಂದ. ಆಮೇಲೆ ಇನ್ನೊಂದು, ಮತ್ತೊಂದು. ಗೊರವಂಕ ಅಣಕ ಮರೆತು, ಕೊಕ್ಕು ತೆರೆದುಕೊಂಡು ಮೇಲೆ ನೋಡುತ್ತಿತ್ತು.

ಕೆಂಚಣ್ಣನೂ ಬಂದ. ಅವನು ಮೇಲೆ ನೋಡಲಿಲ್ಲ. ನೆಲಕ್ಕೆ ಬಿದ್ದ ಹುಳುಗಳನ್ನು ಬಾಯಿ ತುಂಬ ತುಂಬಿಕೊಂಡ. ನುಂಗಲಿಲ್ಲ. ಬಿಲಕ್ಕೆ ಓಡಿ ಮೂಲೆಯಲ್ಲಿ ಉಗುಳಿದ. ಕಾಳಿನ ಮೇಲೆ ಹುಳು, ಹುಳುವಿನ ಮೇಲೆ ಮಣ್ಣು. ಮತ್ತೆ ಬಂದ. ಮತ್ತೆ ಹೋದ.

ದಾರಿಗೆ ನೆಲಗಪ್ಪೆ ಗಿಡ್ಡಮ್ಮ ಅಡ್ಡ ಬಂದಳು. ಚಳಿ ಹುಟ್ಟುವ ಮುಂಚೆ ಮಣ್ಣಿನೊಳಗೆ ಮಲಗಿದವಳು, ಈ ಮಳೆಗೆ ಎದ್ದಿದ್ದಳು. ಬೆನ್ನ ಮೇಲೆ ಇನ್ನೂ ಮಣ್ಣು ಇತ್ತು.

“ಏನು ಭಾವ, ನೆಲ ನೋಡ್ಕೊಂಡು ಓಡ್ತಿದ್ದೀರಿ. ಅಕ್ಕ ಎಲ್ಲಿ? ಕರೀರಿ. ಈಸಲು ಅಂದರೆ ಪ್ರಾಣ ಅವಳಿಗೆ.”

ಕೆಂಚಣ್ಣನ ಬಾಯಿ ತುಂಬ ಹುಳು ಇತ್ತು. ಉಗುಳಿದ.

“ಇಲ್ಲ.”

“ಇಲ್ಲ ಅಂದರೆ? ಎಲ್ಲಿಗೆ ಹೋದಳು?”

“ಹೋದಳು. ಅವರೆ ಕಾಲದಲ್ಲಿ.”

ಗಿಡ್ಡಮ್ಮ ಕೂತುಬಿಟ್ಟಳು. ಒಂದು ಹುಳು ಬಂದು ಅವಳ ತಲೆ ಮೇಲೆ ಕೂತಿತು. ಅವಳು ಅದನ್ನು ಮುಟ್ಟಲಿಲ್ಲ.

“ಕೊನೆಗೆ ಏನಾದರೂ ಅಂದಳಾ?”

“ಅವರೆಕಾಳು ಕೊಟ್ಟೆ. ನೂಕಿದಳು. ಇರಲಿ ಅಂದಳು. ಕೂಡಿಡು ಅಂತ. ಇಟ್ಟಿದ್ದೀನಿ. ಬಿಲ ತುಂಬ ಇದೆ, ಬೇಕಾದರೆ ಬಂದು ನೋಡು.”

ಗಿಡ್ಡಮ್ಮ ಅವನ ಪಕ್ಕೆಲುಬು ನೋಡಿದಳು.

“ಯಾವ ಕಡೆ ನೂಕಿದಳು? ಮೂಲೆ ಕಡೆಗಾ?”

“ಅಲ್ಲ. ನನ್ನ ಕಡೆಗೆ.”

“ಭಾವ, ನಾನು ನಿಮ್ಮ ಮನೆಗೆ ಬಂದಾಗ ಅವಳು ಏನಾದರೂ ತಂದಿಡೋಳು. ನಾನು ಬೇಡ ಅಕ್ಕ, ಹೊಟ್ಟೆ ತುಂಬಿದೆ ಅಂತಿದ್ದೆ. ಆಗ ಅವಳು ಏನಂತಿದ್ದಳು?”

ಕೆಂಚಣ್ಣ ಯೋಚಿಸಿದ.

“ಇರಲಿ ಅಂತಿದ್ದಳು.”

“ನಾನು ಕಟ್ಟಿಕೊಂಡು ಹೋಗ್ತಿದ್ದೆನಾ?”

“ಇಲ್ಲ. ಅಲ್ಲೇ ಕೂತು ತಿಂತಿದ್ದೆ.”

“ಮತ್ತೆ?”

ಕೆಂಚಣ್ಣನ ಮೂಗು ಬಿಲದ ಕಡೆ ತಿರುಗಿತು.

“ಆ ಕಾಳು ಎಲ್ಲಿ ಭಾವ?”

“ಹುಳ ಹೊಡೆಯಿತು. ಪುಡಿಯಾಗಿದೆ.”

ಗಿಡ್ಡಮ್ಮ ಅವನ ಪಕ್ಕಕ್ಕೆ ಸರಿದು ಕೂತಳು. ಆಗ ಕೆಂಚಣ್ಣ ತಲೆ ಎತ್ತಿದ.

ಮಕ್ಕಳೇ, ಹೆಗ್ಗಣ ಆಕಾಶ ನೋಡುವ ಪ್ರಾಣಿ ಅಲ್ಲ. ಅವನ ಕಣ್ಣು ಚಿಕ್ಕದು. ಆ ಚಿಕ್ಕ ಕಣ್ಣಿನಲ್ಲಿ ಅಷ್ಟೂ ಹಿಡಿಯಲಿಲ್ಲ. ಹೊಂಗೆ ಮರ ಕಾಣಲಿಲ್ಲ, ಏರಿ ಕಾಣಲಿಲ್ಲ. ರೆಕ್ಕೆ, ರೆಕ್ಕೆ. ಸದ್ದಿಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆಯುವುದಿಲ್ಲ. ಮಣ್ಣಿನೊಳಗೆ ಕತ್ತಲಲ್ಲಿ ಹುಟ್ಟಿದ ಹುಳು. ಇವಕ್ಕೆ ಹಾರು ಅಂತ ಹೇಳಿಕೊಟ್ಟವರು ಯಾರು? ಅವನ ಬಾಯಿ ತಾನಾಗಿ ತೆರೆಯಿತು. ಒಂದು ಹುಳು ಒಳಗೆ ಬಿತ್ತು. ಅಗಿದ. ಕಣ್ಣು ಮುಚ್ಚಿದ. ರುಚಿ ಅಂದರೆ ಏನು ಅಂತ ನೆನಪಾಯಿತು.

ಕಣ್ಣು ತೆರೆದಾಗ ಆಕಾಶ ಖಾಲಿಯಾಗುತ್ತಿತ್ತು. ರೆಕ್ಕೆಗಳು ಕಳಚಿ ಉದುರುತ್ತಿದ್ದವು.

“ಮುಗೀತಾ?”

“ಮುಗೀತು ಭಾವ.”

“ಪರವಾಗಿಲ್ಲ. ಒಳಗೆ ಇಟ್ಟಿದ್ದೀನಿ. ಬಾ, ಇಬ್ಬರೂ ತಿನ್ನೋಣ.”

ಕೆಂಚಣ್ಣ ಬಿಲಕ್ಕೆ ಹೋಗಿ ಮಣ್ಣು ಕೆದರಿದ. ರೆಕ್ಕೆ ಬಂತು. ಇನ್ನೂ ಕೆದರಿದ. ಬರೀ ರೆಕ್ಕೆ. ಹುಳುಗಳು ರೆಕ್ಕೆ ಬಿಚ್ಚಿಟ್ಟು ಕಾಳಿನ ರಾಶಿಯೊಳಗೆ ಇಳಿದುಹೋಗಿದ್ದವು.

ಗೀರಪ್ಪ ಬಿಲದ ಬಾಯಲ್ಲಿ ನಿಂತು ನೋಡಿದ.

“ಮಾವ, ಗೆದ್ದಲನ್ನು ನೀನೇ ಹೊತ್ತುಕೊಂಡು ಬಂದು ಕಣಜದಲ್ಲಿ ಕೂರಿಸಿದೆಯಾ?”

“ಕೂರಿಸಿದೆ.”

“ಮೇಲೆ ಮಣ್ಣು ಬೇರೆ ಮುಚ್ಚಿದೆಯಾ?”

“ಮುಚ್ಚಿದೆ.”

ಯಾರೂ ನಗಲಿಲ್ಲ. ಆಮೇಲೆ ಕೆಂಚಣ್ಣನೇ ನಕ್ಕ. ಕೆಮ್ಮಿದ ಹಾಗೆ ಇತ್ತು, ಆದರೆ ನಗು.

ಅಷ್ಟರಲ್ಲಿ ಬಿಲದ ಬಾಯಲ್ಲಿ ಎರಡು ಹುಳು ನಡೆದು ಬಂದವು. ರೆಕ್ಕೆ ಇಲ್ಲ. ಒಂದು ಮುಂದೆ, ಒಂದು ಹಿಂದೆ. ಹಿಂದಿನದು ಮುಂದಿನದರ ಮೈ ಮುಟ್ಟಿಕೊಂಡೇ ನಡೆಯುತ್ತಿತ್ತು. ಮುಂದಿನದು ತಿರುಗಿದರೆ ಇದೂ ತಿರುಗುತ್ತಿತ್ತು. ಗಿಡ್ಡಮ್ಮನ ನಾಲಿಗೆ ಹೊರಗೆ ಬಂತು. ಕೆಂಚಣ್ಣನ ಮುಖ ನೋಡಿ ಒಳಗೆ ಎಳೆದುಕೊಂಡಳು.

“ಎಲ್ಲಿಗೆ ಹೊರಟಿವೆ?” ಅಂತ ಕೇಳಿದ ಕೆಂಚಣ್ಣ.

“ಸಂಸಾರ ಹೂಡೋಕೆ.”

“ಇನ್ನು ಹಾರಲ್ವಾ?”

“ಇಲ್ಲ ಭಾವ. ಅವಕ್ಕೆ ಹಾರೋದು ಒಂದೇ ಸಲ.”

“ಅಷ್ಟಕ್ಕೆ ಅಂಥಾ ರೆಕ್ಕೆ?”

“ಅಷ್ಟಕ್ಕೇ.”

ಅವೆರಡೂ ಮಣ್ಣಿನ ಬಿರುಕಿನೊಳಗೆ ಇಳಿಯುವ ತನಕ ಕೆಂಚಣ್ಣ ನೋಡಿದ.

ಮಾರನೆಯ ದಿನ ಬೆಳಗ್ಗೆ ಕೆಂಚಣ್ಣ ರಾಶಿ ಬಿಚ್ಚಿದ. ಮಳೆ ನೀರು ಬಿಲಕ್ಕೂ ಇಳಿದಿತ್ತು. ಮೇಲಿನ ಕಾಳು ಹಳಸಿತ್ತು, ಅಡಿಯ ಅವರೆ ಚೆನ್ನಾಗಿ ನೆಂದು ಉಬ್ಬಿತ್ತು. ಗೆದ್ದಲು ಮುಟ್ಟುವ ಮುಂಚೆ ಅದನ್ನೆಲ್ಲ ಹೊರಗೆ ತಂದು ಹೊಂಗೆಯ ನೆರಳಲ್ಲಿ ಹರಡಿದ. ಗೀರಪ್ಪನನ್ನು ಕೂಗಿದ. ಗೊರವಂಕವನ್ನೂ ಕೂಗಿದ. ಹೊಸ ನೀರಿನ ಗುಂಡಿಯಲ್ಲಿ ಕಪ್ಪೆಗಳು ಇನ್ನೂ ಹಾಡುತ್ತಿದ್ದವು. ಅವನು ಗುಂಡಿಯ ಪಕ್ಕ ಕೂತು ಒಂದು ಕಾಳು ಹಿತುಕಿದ. ಸಿಪ್ಪೆ ಜಾರಿತು, ಬೆಳ್ಳಗಿನ ಬೇಳೆ ಹೊರಬಂತು. ಬಾಯಿಗೆ ಹಾಕಿಕೊಂಡ. ಇನ್ನೊಂದು ಹಿತುಕಿದ. ಹಾಡು ನಿಲ್ಲುವ ತನಕ ತಿನ್ನುತ್ತಲೇ ಕೂತಿದ್ದ.

ನೀತಿ: ನಾಳೆಗೆ ಇಡುವುದು ಜಾಣತನ, ಆದರೆ ಇವತ್ತಿನ ಊಟ ಇವತ್ತೇ ಉಣ್ಣಬೇಕು, ಇವತ್ತಿನ ಸೊಬಗು ಇವತ್ತೇ ನೋಡಬೇಕು.