ಬಾಗಲಾರದ ಅಸಲಿ ಕಣ

ಎಲುಬಿನೊಳಗಿನ ಆ ತಿರುಳಿಗೆ ಏನೋ ಹೆಸರುಂಟಲ್ಲ ಮೇದಿನಿ, ಮಜ್ಜಿಗೆ... ಅಲ್ಲ, ಮಜ್ಜೆ ಎಂದು ಬರಿ. ತಾನು ಅಲ್ಲಿ ಹುಟ್ಟಿದವನೆಂದು ಮುದಿ ಕೆಂಪು ರಕ್ತಕಣಕ್ಕೆ ಬಲು ಹೆಮ್ಮೆ. ಕಾಲಿನ ಕಿರುಬೆರಳಿಗೆ ಹೋಗುವ ಕೂದಲೆಳೆಯಂಥ ನಾಳದ ಬಾಯಲ್ಲಿ ಅದು, ಪ್ರಯೋಗಾಲಯದಲ್ಲಿ ತನ್ನಂತೆಯೇ ಮಾಡಿ ಸೂಜಿಯಿಂದ ಮೈಯೊಳಗೆ ಬಿಟ್ಟ ಮೆತ್ತನೆಯ ಕಣವೊಂದನ್ನು ತಡೆಯಿತು. ಇಬ್ಬರೂ ಆಮ್ಲಜನಕ ಹೊತ್ತಿದ್ದರು.

“ನಿನ್ನದು ಯಾವ ಮಜ್ಜೆಯೋ?”

“ಯಾವುದೂ ಅಲ್ಲ, ಅಜ್ಜಾ. ನಿಮ್ಮನ್ನು ನೋಡಿ ನನ್ನನ್ನು ಮಾಡಿದರು.”

“ಹಾಗಾದರೆ ನಕಲಿ. ಹಿಂದೆ ನಿಲ್ಲು. ಇಲ್ಲಿ ಒಬ್ಬೊಬ್ಬರೇ ಹೋಗಬೇಕು, ಹಿರಿಯರು ಮೊದಲು.”

ಒಳಗಿನಿಂದ ಕಿರುಬೆರಳು ಕೂಗಿತು: “ಉಸಿರು ಕಟ್ಟುತ್ತಿದೆ, ಯಾರಾದರೂ ಬನ್ನಿ!”

ಮುದಿ ಕಣ ಎದೆಯುಬ್ಬಿಸಿ ನುಗ್ಗಿತು. ವಯಸ್ಸಿಗೆ ಸೆಟೆದುಹೋಗಿದ್ದ ಮೈ ನಾಳದ ಬಾಯಲ್ಲೇ ಸಿಕ್ಕಿಕೊಂಡಿತು. ಮೆತ್ತನೆಯ ಕಣ ಮೈ ಮಡಿಚಿ, ಪಕ್ಕದ ಸಂದಿಯಲ್ಲಿ ನುಸುಳಿ ಹೊರೆ ಇಳಿಸಿತು. ಕಿರುಬೆರಳು ಉಸಿರಾಡಿತು.

“ನೋಡಿದೆಯಾ? ಹಾಗೆ ಬಾಗುವ ವಿದ್ಯೆ ನಮ್ಮ ಮನೆತನದ್ದು!” ಎಂದಿತು ಮುದಿ ಕಣ, ಸಿಕ್ಕಿಕೊಂಡಲ್ಲಿಂದಲೇ.

“ಹೌದಜ್ಜಾ,” ಎಂದಿತು ಕಿರುಬೆರಳು. “ಈಗ ಅವನನ್ನು ನೋಡಿ ನೀವೂ ಸ್ವಲ್ಪ ಬಾಗಿ. ಹಿಂದೆ ಸಾಲು ನಿಂತಿದೆ.”

ಮುದಿ ಕಣ ಹೇಗೋ ಕಷ್ಟಪಟ್ಟು ಸ್ವಲ್ಪ ಬಾಗಿತು, ದಾರಿ ಬಿಟ್ಟಿತು. ಮೇದಿನಿ, ಈ ನಿನ್ನ ಅಜ್ಜಿಗಾಗಿ ಇಷ್ಟನ್ನು ಬರೆದಿಡು ಪುಟ್ಟೀ. ಯಾರನ್ನು ನೋಡಿ ಬಾಗಿತೆಂದು ಮಾತ್ರ ಬರೆಯಬೇಡ, ಹಿರಿಯರಿಗೆ ಬೇಜಾರಾಗುತ್ತದೆ.