ಹಗ್ಗ ಹಿಡಿದ ಮ್ಯಾನೇಜರು

ಕಟ್ಟಡದ ಕೆಲಸಕ್ಕೆ ಹೊಸ ಮ್ಯಾನೇಜರ್ ಪದ್ಮರಾಜಯ್ಯ ಬಂದ. ಗೋಡೆ ಪಕ್ಕ ಕಾರು ನಿಲ್ಲಿಸಿ ಇಳಿದರೆ, ಕೂಲಿಯಾಳು ಚಿಕ್ಕಮಾರ ಹಗ್ಗ ಹಿಡಿದು ನಿಂತಿದ್ದ.

“ಸುಮ್ಮನೆ ನಿಲ್ಲೋದಕ್ಕೂ ಒಬ್ಬ ಆಳಾ? ಈಗಲೇ ಮನೆಗೆ ಕಳಿಸು!”

ಮೇಸ್ತ್ರಿ ಚೌಡಪ್ಪ ಕೈಮುಗಿದ. “ಆಗ್ಲಿ ಸಾರ್. ಒಂದು ಗಳಿಗೆ ಇದನ್ನ ಹಿಡ್ಕೊಳ್ಳಿ.”

ಮ್ಯಾನೇಜರ್ ಹಗ್ಗ ಹಿಡಿದ. ಚೌಡಪ್ಪ ಮೇಲಿದ್ದ ಗಾರೆಯವರನ್ನೂ ಇಳಿಸಿ, ಎಲ್ಲರನ್ನೂ ಟೀಗೆ ಹೊರಡಿಸಿದ.

ಹಗ್ಗ ಜಗ್ಗಿತು. ಮ್ಯಾನೇಜರ್ ತಲೆಯೆತ್ತಿ ನೋಡಿದ. ಮೇಲಿನ ರಾಟೆ ದಾಟಿ ಹೋದ ಹಗ್ಗದ ಆಚೆ ತುದಿಗೆ, ಮೂರನೇ ಮಹಡಿಯ ಎತ್ತರದಲ್ಲಿ, ಇಟ್ಟಿಗೆ ತುಂಬಿದ ಬುಟ್ಟಿ ತೂಗುತ್ತಿತ್ತು. ಅದರ ನೇರ ಕೆಳಗೆ ಅವನದೇ ಕಾರು!

“ಚೌಡಪ್ಪಾ!”

“ಬಂದೆ ಸಾರ್, ನೀವು ಸುಮ್ಮನೆ ನಿಂತಿರಿ!”

ಹತ್ತು ನಿಮಿಷ ಬಿಟ್ಟು ಚಿಕ್ಕಮಾರ ಬಂದು ಹಗ್ಗ ಇಸಿದುಕೊಂಡ. ಮ್ಯಾನೇಜರ್ ಬೆವರೊರೆಸಿಕೊಂಡು ಮೇಸ್ತ್ರಿಯನ್ನು ಗದರಿದ:

“ಇದಕ್ಕೆ ಇಬ್ಬರನ್ನಾದರೂ ನಿಲ್ಲಿಸಬಾರದೇನಯ್ಯ?”