ಬಿಡದ ಕೊಂಡಿ

ರಿಮೋಟ್ ಹೆಲಿಕಾಪ್ಟರ್ ಜೋಡಿಸುವಾಗ, ರೆಕ್ಕೆಯ ಬುಡದ ಲೋಹದ ಗುಂಡನ್ನು ಪ್ಲಾಸ್ಟಿಕ್ ಕೊಂಡಿಯೊಂದು ಕಚ್ಚಿ ಹಿಡಿಯಿತು. ಕೊಂಡಿಯನ್ನು ಎಳೆದು ರೆಕ್ಕೆ ಓರೆ ಮಾಡಬೇಕಾದ ಪುಟ್ಟ ಮೋಟಾರಿಗೆ ಅಲ್ಲೇ ಏದುಸಿರು ಬಂತು.

"ಸ್ವಲ್ಪ ಸಡಿಲ ಬಿಡಯ್ಯ, ಗುಂಡು ಹೊರಳಬೇಕು," ಎಂದಿತು ಮೋಟಾರು.

"ಸಡಿಲ ಬಿಡುವುದು ನಮ್ಮ ವಂಶದಲ್ಲೇ ಇಲ್ಲ," ಎಂದಿತು ಕೊಂಡಿ.

ಪಕ್ಕದಲ್ಲಿದ್ದ ಇಕ್ಕಳ ಬಾಯಿ ತೆರೆಯಿತು. "ಒಮ್ಮೆ ಮೆಲ್ಲಗೆ ಒತ್ತುತ್ತೇನೆ. ಬಿಗಿ ಕಳೆಯುತ್ತದೆ, ಹಿಡಿತ ಉಳಿಯುತ್ತದೆ."

"ಮೈ ಮುಟ್ಟಿದರೆ ಜೋಕೆ," ಎಂದಿತು ಕೊಂಡಿ.

ಮರುದಿನ ಹೆಲಿಕಾಪ್ಟರ್ ಮೇಲೇರಿ ಎಡಕ್ಕೆ ವಾಲಿತು. ಅದನ್ನು ನೇರ ಮಾಡಲು ಮೋಟಾರು ಮೈ ಸುಡುವಷ್ಟು ಎಳೆದರೂ ಗುಂಡು ಹೊರಳಲಿಲ್ಲ, ರೆಕ್ಕೆ ಓರೆಯಾಗಲಿಲ್ಲ. ವಾಲಿದ್ದು ವಾಲಿದಂತೆಯೇ ನೀರಿನ ಟ್ಯಾಂಕಿಗೆ ಬಡಿದು ಚೂರಾಯಿತು.

ಹೊಗೆಯಾಡುತ್ತಿದ್ದ ಮೋಟಾರಿನ ಕಿವಿಗೆ ಕೊನೆಗೆ ಬಿದ್ದದ್ದು ಕೊಂಡಿಯ ಮಾತೇ: "ನೋಡಿದಿರಾ, ಎಲ್ಲರೂ ಬಿಟ್ಟುಹೋದರು. ನಾನು ಮಾತ್ರ ಬಿಡಲಿಲ್ಲ."